ಅಮ್ಮ ಕೊಟ್ಟ ಬಾಗಿನ, ಅಮ್ಮನಿಗೆ ಬಂದ ಬಾಗಿನ

ಈ ಸಲ ಭಾದ್ರಪದ ಶುದ್ಧ ತದಿಗೆಯಂದು ನನ್ನ ತವರಿನಲ್ಲಿ ಗೌರಿ ಕೂರಿಸಲಿಲ್ಲ. ಅಮ್ಮ ಹೋಗಿ ಇನ್ನೂ ವರ್ಷ ತುಂಬಿಲ್ಲ. ವರ್ಷಾಂತಕ ಮುಗಿಯುವವರೆಗೆ ಅಣ್ಣನ ಮನೆಯಲ್ಲಿ ಹಬ್ಬವಿಲ್ಲ. ನಾನು ಮದುವೆಯಾಗಿ ಬೇರೆ ಮನೆಗೆ ಬಂದವಳು. ಮೈಸೂರಿನ ನನ್ನ ಮನೆಯ ಗೌರಿಯನ್ನು ನಾನು ಬಿಡುವ ಹಾಗಿಲ್ಲ. ಎಂದಿನಂತೆ ಅರಿಶಿನದ ಗೌರಿ ಮಾಡಿದೆ, ಹದಿನಾರು ಗಂಟಿನ ದಾರ ಪೂಜೆಗಿಟ್ಟೆ. ಬಾಗಿನ ಜೋಡಿಸಲು ಕೂತಾಗ ಮಾತ್ರ ಕೈ ಓಡಲಿಲ್ಲ. ಮದುವೆಯಾದಾಗಿನಿಂದ ನನ್ನ ಮೊದಲ ಬಾಗಿನ ದೇವಿಗೆ, ಎರಡನೆಯದು ಅಮ್ಮನಿಗೆ. ಈಗ ಎರಡನೆಯದು ಯಾರಿಗೆ?

ದಾರಿ ತೋರಿಸಿದವಳು ಗೌರಿಯೇ ಅಂತ ನಂಬಿದ್ದೇನೆ. ಅದಕ್ಕೆ ಮೊದಲು ಅಮ್ಮನ ಮೊರಗಳ ವಿಷಯ ಹೇಳಬೇಕು.

ನಂಜನಗೂಡಿನ ನಮ್ಮ ಮನೆಗೆ ಶ್ರಾವಣ ಮುಗಿಯುವ ಹೊತ್ತಿಗೆ ಮೇದರಕ್ಕ ಬರುತ್ತಿದ್ದರು, ತಲೆ ಮೇಲೆ ಮೊರಗಳ ಕಟ್ಟು ಹೊತ್ತುಕೊಂಡು. ಅಮ್ಮ ಒಂದೊಂದು ಮೊರವನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಅಂಚಿನ ಕಟ್ಟು ಬಿಗಿಯಾಗಿದೆಯಾ, ಬಿದಿರಿನ ಸಿಬಿರು ಎದ್ದಿದೆಯಾ ಅಂತ ಬೆರಳಾಡಿಸುತ್ತಿದ್ದಳು. ಬೆಲೆಗೆ ಮಾತ್ರ ಎಂದೂ ಚೌಕಾಸಿ ಇಲ್ಲ. ಇಬ್ಬರೂ ಜಗಲಿ ಮೇಲೆ ಕೂತು ಕಾಫಿ ಕುಡಿಯುವಷ್ಟರಲ್ಲಿ ಎರಡು ಮನೆಯ ಸುಖದುಃಖವೆಲ್ಲ ಮುಗಿಯುತ್ತಿತ್ತು. ಹಬ್ಬದ ದಿನ ಮೇದರಕ್ಕ ಹೆಣೆದ ಮೊರದಲ್ಲೇ ಮೇದರಕ್ಕನಿಗೂ ಬಾಗಿನ. ಅದು ನಮ್ಮ ಮನೆಯಲ್ಲಿ ತಪ್ಪಿದ್ದೇ ಇಲ್ಲ.

ಆಮೇಲೆ ಅರಿಶಿನದ ಕೆಲಸ. ಹಬ್ಬಕ್ಕೆ ಎರಡು ದಿನ ಮುಂಚೆ ಅಮ್ಮ ಹಿತ್ತಲಿನ ಕಲ್ಲಿನ ಮೇಲೆ ಕೂರುತ್ತಿದ್ದಳು. ಮೊರಗಳನ್ನು ತೊಳೆದು, ನೀರು ಬಸಿದು, ಹಿತ್ತಾಳೆ ಬಟ್ಟಲಿನಲ್ಲಿ ಅರಿಶಿನ ಕಲಸುತ್ತಿದ್ದಳು. ತೆಳ್ಳಗೆ ಕಲಸಿದರೆ ಅವಳಿಗೆ ಆಗುತ್ತಿರಲಿಲ್ಲ. ಅಂಗೈ ತುಂಬ ತೆಗೆದುಕೊಂಡು ಮೊದಲು ನಡುವಿಗೆ ಹಚ್ಚಿ, ಅಲ್ಲಿಂದ ಅಂಚಿಗೆ ಒತ್ತಿಕೊಂಡು ಹೋಗುತ್ತಿದ್ದಳು. ಬಿದಿರಿನ ಸಂದುಸಂದಿಗೂ ಹೆಬ್ಬೆರಳಿನಿಂದ ತುಂಬುತ್ತಿದ್ದಳು. ಒಳಗೆ ಹಚ್ಚಿ, ಹೊರಗೂ ಹಚ್ಚುತ್ತಿದ್ದಳು. "ಹಿಂಭಾಗ ಯಾರು ನೋಡ್ತಾರಮ್ಮ?" ಅಂದರೆ, "ಕೊಡೋವಾಗ ಅವಳ ಕೈ ತಾಗೋದು ಹಿಂಭಾಗಕ್ಕೇ ಕಣೆ" ಅನ್ನುತ್ತಿದ್ದಳು.

ಒದ್ದೆ ಬಿದಿರು, ಹಸಿ ಅರಿಶಿನ ಎರಡೂ ಸೇರಿದಾಗ ಒಂದು ವಾಸನೆ ಬರುತ್ತದೆ. ಮಳೆ ನಿಂತ ಮೇಲೆ ಹಿತ್ತಲಿನಿಂದ ಬರುವ ಮಣ್ಣಿನ ಘಮ ಅದರಲ್ಲಿ ಸ್ವಲ್ಪ ಇರುತ್ತದೆ, ಒಂಚೂರು ಕಹಿಯೂ ಇರುತ್ತದೆ. ಮೊರಗಳನ್ನು ನೆರಳಲ್ಲಿ ಸಾಲಾಗಿ ಒರಗಿಸಿಟ್ಟರೆ ಆ ವಾಸನೆ ಅಡುಗೆಮನೆ, ನಡುಮನೆ ದಾಟಿ ಬೀದಿಬಾಗಿಲಿಗೂ ಬರುತ್ತಿತ್ತು. ನನಗೆ ಗೌರಿ ಬಂದಳು ಅಂತ ಗೊತ್ತಾಗುತ್ತಿದ್ದುದು ಅದರಿಂದಲೇ. ಮಂಟಪ ಕಟ್ಟುವುದು, ಬಾಳೆಕಂದು, ಒಬ್ಬಟ್ಟು ಎಲ್ಲ ಆಮೇಲೆ. ಅಮ್ಮನ ಅಂಗೈ ದಸರಾ ಹತ್ತಿರ ಬರುವವರೆಗೂ ಹಳದಿಯಾಗಿಯೇ ಇರುತ್ತಿತ್ತು. ಆ ಕೈಯಲ್ಲಿ ತಲೆ ಬಾಚಿದರೆ ನನ್ನ ಹಣೆಗೂ ಅರಿಶಿನ. ಈಗಲೂ ಅಂಗಡಿಯಲ್ಲಿ ಅರಿಶಿನದ ಡಬ್ಬಿ ತೆರೆದರೆ ನಾನು ಒಂದು ಕ್ಷಣ ಸುಮ್ನೆ ನಿಂತುಬಿಡುತ್ತೇನೆ.

ಹಬ್ಬ ಮುಗಿದ ಮೇಲೆ ಬಂದ ಮೊರಗಳನ್ನು ಅಮ್ಮ ಅಟ್ಟಕ್ಕೆ ಹಾಕುತ್ತಿರಲಿಲ್ಲ. ಅಡುಗೆಮನೆ ಗೋಡೆಯ ಮೊಳೆಗೆ ನೇತು ಹಾಕುತ್ತಿದ್ದಳು. ಪ್ರತಿ ಮೊರಕ್ಕೂ ಕೊಟ್ಟವರದ್ದೇ ಹೆಸರು. "ಟೀಚರತ್ತೆ ಮೊರ ತಾ, ಅಕ್ಕಿ ಕೇರಬೇಕು." "ಹೂವಿನಕ್ಕನ ಮೊರದಲ್ಲಿ ಮೆಣಸಿನಕಾಯಿ ಒಣಗಿಸಬೇಡ." ವರ್ಷವಿಡೀ ಅವಳ ಗೆಳತಿಯರು ನಮ್ಮ ಅಡುಗೆಮನೆಯಲ್ಲೇ ಇದ್ದರು.

ಟೀಚರತ್ತೆ ನಮಗೆ ಸಂಬಂಧವೇನಲ್ಲ. ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು, ಹಿಂದಿನ ಬೀದಿಯಲ್ಲಿ ಮನೆ. ಹೂವಿನಕ್ಕ ದೇವಸ್ಥಾನದ ಹತ್ತಿರ ಹೂವು ಮಾರುತ್ತಿದ್ದರು. ಅಮ್ಮ ಮದುವೆಯಾಗಿ ಊರಿಗೆ ಬಂದ ಹೊಸದರಲ್ಲಿ ಮಂಗಳಗೌರಿ ವ್ರತದ ಮಂಗಳವಾರಗಳಲ್ಲಿ ಪರಿಚಯವಾದವರು. ಐದು ವರ್ಷದ ವ್ರತ ಮುಗಿಯಿತು, ಸ್ನೇಹ ಮುಗಿಯಲಿಲ್ಲ. ಸೋಮವಾರ ಶ್ರೀಕಂಠೇಶ್ವರನ ದರ್ಶನಕ್ಕೆ ಒಟ್ಟಿಗೆ ಹೋಗುವುದು. ದೊಡ್ಡ ಜಾತ್ರೆಯಲ್ಲಿ ಐದು ತೇರು ಎಳೆಯುವಾಗ ಅಮ್ಮನವರ ತೇರಿಗೆ ಹಣ್ಣು ಜವನ ಎಸೆಯಲು ಒಂದೇ ಜಾಗದಲ್ಲಿ ನಿಲ್ಲುವುದು. ಒಬ್ಬರ ಮನೆ ಬಾಣಂತನಕ್ಕೆ ಇನ್ನೊಬ್ಬರು ಎಣ್ಣೆ ನೀರು ಹಾಕುವುದು. 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ, ಹದಿನಾರು ಕಾಲು ಮಂಟಪ ಮುಳುಗಿ, ಮೈಸೂರು ಊಟಿ ರಸ್ತೆಗೂ ನೀರು ಬಂತಲ್ಲ, ಆಗ ಹೂವಿನಕ್ಕನ ಮನೆಯೊಳಗೂ ನೀರು. ಅವರ ಸಂಸಾರವೆಲ್ಲ ನಮ್ಮ ಮನೆಯಲ್ಲೇ ಇತ್ತು. ಮೂರು ವಾರಕ್ಕೆ ಹಬ್ಬ. ಆ ವರ್ಷ ನಮ್ಮ ಗೌರಿಗೆ ಮಾಲೆ ಕಟ್ಟಿದವರು ಅವರೇ.

ಆದರೆ ನಾನು ಬಾಗಿನ ಅಂದರೇನು ಅಂತ ಕಣ್ಣಾರೆ ಕಂಡಿದ್ದು ಅದಕ್ಕೂ ಬಹಳ ಮುಂಚೆ.

ನಾನಾಗ ಹೈಸ್ಕೂಲಿನಲ್ಲಿದ್ದೆ. ಅಪ್ಪ ಕೆಲಸ ಮಾಡುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿತ್ತು. ಸೋದರಮಾವ ಪ್ರತಿ ವರ್ಷ ಗೌರಿ ಹಬ್ಬಕ್ಕೆ ಅಮ್ಮನಿಗೆ ಮನಿಯಾರ್ಡರು ಕಳುಹಿಸುತ್ತಿದ್ದರು. ಆ ದುಡ್ಡು ಆ ವರ್ಷ ರೇಷನ್ನಿಗೆ ಹೋಯಿತು. ಅಮ್ಮ ದೇವಿಯ ಬಾಗಿನ ಒಂದನ್ನು ಮಾತ್ರ ಪೂರ್ತಿ ಮಾಡಿದಳು. ಮಿಕ್ಕವುಗಳಲ್ಲಿ ಬೇಳೆಗಳು ಒಂದೊಂದು ಹಿಡಿ, ಬೆಲ್ಲ ಒಂದು ಅಚ್ಚಿನಲ್ಲಿ ಕಾಲು ಭಾಗ. ಬಳೆ, ಬಿಚ್ಚೋಲೆ ಮಾತ್ರ ಬಿಡಲಿಲ್ಲ. ಯಾರಿಗೂ ಏನೂ ಹೇಳಲಿಲ್ಲ.

ಸಂಜೆ ಗೆಳತಿಯರು ಬಂದರು. ಸೆರಗು ಮುಚ್ಚಿ ಬಾಗಿನ ಕೊಟ್ಟರು, ಅರಿಶಿನ ಕುಂಕುಮ ತೆಗೆದುಕೊಂಡರು, ಒಂದು ಹಾಡು ಹೇಳಿದರು, ಹೋದರು. ಮೊರಗಳನ್ನು ದೇವರ ಮುಂದಿನಿಂದ ಒಳಗಿಡು ಅಂತ ಅಮ್ಮ ಹೇಳಿದಳು. ಟೀಚರತ್ತೆಯ ಮೊರ ಎತ್ತಲು ಹೋದೆ, ಒಂದು ಕೈಯಲ್ಲಿ ಬರಲಿಲ್ಲ. ಎರಡು ಕೈಯಲ್ಲಿ ಎತ್ತಿದೆ. ಹೂವಿನಕ್ಕನದ್ದೂ ಹಾಗೇ, ಮೇದರಕ್ಕ ತಂದಿದ್ದೂ ಹಾಗೇ. ಮೇಲಿನ ಮೊರ ತೆಗೆದರೆ ಅಕ್ಕಿ ತೊಗರಿಬೇಳೆ ಅಂಚಿನವರೆಗೆ. ಹೆಸರುಬೇಳೆ, ಕಡಲೆಬೇಳೆ, ರವೆ ಎಲ್ಲ ಬೇರೆ ಬೇರೆ ಪೊಟ್ಟಣ, ಒಂದೊಂದು ಸೇರಿನಷ್ಟು. ಇಡೀ ಬೆಲ್ಲದ ಅಚ್ಚುಗಳು. ಟೀಚರತ್ತೆ ಇಟ್ಟಿದ್ದ ರವಿಕೆ ಕಣವನ್ನು ಅಮ್ಮ ಬಿಡಿಸಿದಳು. ಒಳಗೆ ನೂರರ ನೋಟುಗಳು, ಬಟ್ಟೆಯ ಮಡಿಕೆಗೆ ಸರಿಯಾಗಿ ಮಡಿಚಿಟ್ಟಿದ್ದವು. ಅದರ ಮೇಲೆ ಒಂದು ಅರಿಶಿನದ ಕೊಂಬು.

ಅಮ್ಮ ಅಳಲಿಲ್ಲ. ನೋಟುಗಳನ್ನು ಗೌರಿಯ ಪಾದದ ಹತ್ತಿರ ಇಟ್ಟು, ಬಗ್ಗಿ ನಮಸ್ಕಾರ ಮಾಡಿ, ಬಹಳ ಹೊತ್ತು ಹಾಗೇ ಇದ್ದಳು. ಎದ್ದ ಮೇಲೆ ಹೇಳಿದ್ದು ಇಷ್ಟೇ: "ಸಾಲ ಅಂತ ಕೊಟ್ಟಿದ್ದರೆ ನಾನು ತಗೋತಿರಲಿಲ್ಲ. ಬಾಗಿನ ಬೇಡ ಅನ್ನೋ ಹಾಗಿಲ್ಲವಲ್ಲ."

ಆ ವಿಷಯವನ್ನು ಅವರ್‍ಯಾರೂ ಆಮೇಲೆ ಎತ್ತಲಿಲ್ಲ. ಅಮ್ಮನೂ ಎತ್ತಲಿಲ್ಲ. ಅಪ್ಪನಿಗೆ ಬೇರೆ ಕೆಲಸ ಸಿಕ್ಕಿದ ವರ್ಷ ನಮ್ಮ ಮನೆಯಿಂದ ಹೋದ ಮೊರಗಳೂ ಅಷ್ಟೇ ಭಾರವಾಗಿದ್ದವು.

ವ್ರತದ ಕಥೆಯಲ್ಲಿ ರಾಜನ ಹಿರಿಯ ಹೆಂಡತಿ ಕೋಪದಿಂದ ಎಸೆದ ದಾರ ಒಣಮರದ ಮೇಲೆ ಬಿದ್ದು ಮರ ಚಿಗುರುತ್ತದೆ ಅಲ್ವಾ? ಚಿಕ್ಕಂದಿನಲ್ಲಿ ಅದು ನನಗೆ ಬರೀ ಕಥೆ. ಆ ವರ್ಷದಿಂದ ಹಾಗಲ್ಲ. ಗೌರಿಯ ದಾರ ಕಟ್ಟಿಕೊಂಡ ಕೈಗಳೇ ನಮ್ಮ ಮನೆಯನ್ನು ಚಿಗುರಿಸಿದವು.

ನಂಜುಂಡನ ಊರಿನಲ್ಲಿ ಹುಟ್ಟಿ ಬೆಳೆದವರಿಗೆ ಹಾಲಾಹಲದ ಕಥೆ ಹೇಳಬೇಕಾಗಿಲ್ಲ. ಶಿವ ನಂಜು ನುಂಗಿದ ಅಂತ ಎಲ್ಲರೂ ಹಾಡುತ್ತೇವೆ. ಅಮ್ಮನಿಗೆ ಕಥೆಯಲ್ಲಿ ಇಷ್ಟವಾದ ಜಾಗ ಬೇರೆ. ನಂಜು ಕೆಳಗಿಳಿಯದ ಹಾಗೆ ಗೌರಿ ಅವನ ಗಂಟಲು ಹಿಡಿದಳಲ್ಲ, ಅದು. ಪಾರ್ವತಿ ಅಮ್ಮನವರ ಸನ್ನಿಧಿಯಲ್ಲಿ ನಿಂತು ಒಂದು ಸಲ ನನಗೆ ಹೇಳಿದಳು: "ನಂಜು ಎಲ್ಲರ ಪಾಲಿಗೂ ಬರುತ್ತೆ ಮಗ. ಗಂಟಲು ಹಿಡ್ಕೊಳ್ಳೋರನ್ನ ಸಂಪಾದಿಸ್ಕೋ."

ಟೀಚರತ್ತೆಯ ಯಜಮಾನರು ತೀರಿಕೊಂಡಾಗ ಅಮ್ಮ ಏನು ಮಾಡಿದಳು ಅನ್ನುವುದನ್ನು ಬರೆಯಲೇಬೇಕು. ಮುಂದಿನ ಗೌರಿ ಹಬ್ಬಕ್ಕೆ ಬೀದಿಯಲ್ಲಿ ಯಾರೂ ಅವರನ್ನು ಕರೆಯಲಿಲ್ಲ. ಅವರೂ ಬಾಗಿಲು ಮುಂದೆ ಮಾಡಿಕೊಂಡು ಒಳಗೇ ಇದ್ದರು. ಅಮ್ಮ ಪೂಜೆ ಮುಗಿಸಿ, ಮೊರ ಎತ್ತಿಕೊಂಡು, ನನ್ನನ್ನು ಜೊತೆಗೆ ಕರೆದುಕೊಂಡು ಹೊರಟಳು. ಟೀಚರತ್ತೆ ಹಿಂದೆ ಸರಿದರು. "ಬೇಡ ಕಣೆ, ನಿನಗೆ ಒಳ್ಳೇದಲ್ಲ" ಅಂದರು. ಅಮ್ಮ ಸೆರಗು ಮುಚ್ಚಿದ ಮೊರ ಹಿಡಿದುಕೊಂಡು ನಿಂತೇ ಇದ್ದಳು. "ಗೌರಿ ಇವತ್ತು ತವರಿಗೆ ಮಗಳಾಗಿ ಬಂದಿದಾಳೆ. ತವರಿಗೆ ಬಂದ ಮಗಳಿಗೆ ಯಾರಾದರೂ ಲೆಕ್ಕ ಕೇಳ್ತಾರಾ? ಹಿಡ್ಕೋ, ಕೈ ನೋಯ್ತಿದೆ" ಅಂದಳು. ಅವರು ಹಿಡಿದುಕೊಂಡರು.

ಮಾತು ಬಂತು. ದೊಡ್ಡವರೇ ಆಡಿದರು. ಅಮ್ಮ ವಾದಕ್ಕೆ ಹೋಗುವವಳಲ್ಲ. ಆದರೆ ವಯನಾಡಿನಲ್ಲಿ ಮಳೆ ಹಿಡಿದು ಕಬಿನಿ ತುಂಬಿದಾಗ ಮುಖ್ಯಮಂತ್ರಿಗಳು ಬಾಗಿನ ಬಿಡುತ್ತಾರಲ್ಲ, ಅದನ್ನು ಟಿವಿಯಲ್ಲಿ ನೋಡುತ್ತಾ ಒಮ್ಮೆ ಅಂದಳು: "ನದಿಗೆ ಬಾಗಿನ ಕೊಡೋವಾಗ ನೀನು ಮುತ್ತೈದೆಯೇನಮ್ಮ ಅಂತ ಯಾರೂ ಕೇಳೋದಿಲ್ಲ. ತುಂಬಿ ಬಂದಳು, ಎಲ್ಲರ ಹೊಟ್ಟೆ ತುಂಬಿಸ್ತಾಳೆ, ಅಷ್ಟೇ ಸಾಕು." ಟೀಚರತ್ತೆ ಎಷ್ಟು ಮಕ್ಕಳಿಗೆ ಅಕ್ಷರ ಕಲಿಸಿದವರು ಅಂತ ಊರಿಗೇ ಗೊತ್ತಿತ್ತು.

ಅಪ್ಪ ಹೋದ ಮೇಲಿನ ಮೊದಲ ಹಬ್ಬಕ್ಕೆ ಅಮ್ಮ ತಾನೇ ಹಿಂದೆ ಕೂತಳು. ಪೂಜೆಗೆ ಅತ್ತಿಗೆಯನ್ನು ಮುಂದೆ ಬಿಟ್ಟಳು. ಬೇರೆಯವರಿಗೆ ಹೇಳಿದ ಮಾತನ್ನು ತನಗೇ ಹೇಳಿಕೊಳ್ಳುವುದು ಕಷ್ಟ. ಟೀಚರತ್ತೆ ಕೋಲೂರಿಕೊಂಡು ಬಂದರು, ಮೊರವನ್ನು ಅವರ ಮೊಮ್ಮಗಳು ಹಿಡಿದಿದ್ದಳು. ಅಮ್ಮ ಬೇಡ ಅನ್ನಲು ಬಾಯಿ ತೆರೆಯುವ ಮೊದಲೇ, "ಹಿಡ್ಕೋ, ನನಗೂ ಕೈ ನೋಯ್ತದೆ" ಅಂದರು. ಅಲ್ಲಿಂದ ಮುಂದೆ ಅಮ್ಮ ನನ್ನ ಬಾಗಿನವನ್ನೂ ಪ್ರತಿ ವರ್ಷ ಸಂತೋಷವಾಗಿ ತೆಗೆದುಕೊಂಡಳು.

ಈಗಿನ ಹಬ್ಬಗಳನ್ನು ನೋಡಿದರೆ ಸಂಕಟವಾಗುತ್ತದೆ. ಪ್ಲಾಸ್ಟಿಕ್ಕಿನ ಅಂಗೈಯಗಲದ ಮೊರ, ಒಳಗೆ ಔಷಧಿ ಪೊಟ್ಟಣದಷ್ಟು ಬೇಳೆ, ಯಾರ ಬೆರಳಿಗೂ ಆಗದ ಬಳೆ. ಎಲ್ಲ ಸೇರಿಸಿ ಮೇಲೊಂದು ಪಾರದರ್ಶಕ ಕವರು. ಅದನ್ನು ಬಿಚ್ಚದೆ ನಾವು ಇನ್ನೊಬ್ಬರಿಗೆ ಕೊಡುತ್ತೇವೆ, ಅವರು ಮತ್ತೊಬ್ಬರಿಗೆ ದಾಟಿಸುತ್ತಾರೆ. ಬಾಗಿಲಲ್ಲೇ ಕುಂಕುಮ, ಒಂದು ಫೋಟೋ, ಮುಂದಿನ ಮನೆ. ಸಮಯವಿಲ್ಲ ಅನ್ನುವುದು ನನಗೂ ಗೊತ್ತು, ನಾನೂ ಕೆಲಸಕ್ಕೆ ಹೋಗುವವಳು. ಆದರೂ ಕೇಳಿಕೊಳ್ಳುತ್ತೇನೆ: ಐದು ಜೊತೆ ಆಗದಿದ್ದರೆ ಒಂದೇ ಜೊತೆ ಕೊಡಿ. ಬಿದಿರಿನ ಮೊರವನ್ನೇ ಕೊಡಿ, ನೀವೇ ಅರಿಶಿನ ಹಚ್ಚಿ. ಒಂದು ಹೊತ್ತಿನ ಅಡುಗೆಗಾದರೂ ಆಗುವಷ್ಟು ಅಕ್ಕಿ ಬೇಳೆ ಇಡಿ. ತೆಗೆದುಕೊಂಡವರ ಪಕ್ಕದಲ್ಲಿ ಹತ್ತು ನಿಮಿಷ ಕೂರಿ. ಗೌರಿ ತವರಿಗೆ ಬರುವುದೇ ಒಂದು ದಿನಕ್ಕೆ. ಮಾರನೇ ದಿನ ಮಗ ಕರೆಯಲು ಬಂದೇಬಿಡುತ್ತಾನೆ. ಆ ಒಂದು ದಿನವಾದರೂ ಅವಳ ಕಣ್ಣೆದುರು ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳಬೇಡವೇ?

ಈ ಸಲ ಅಮ್ಮನ ಪಾಲಿನ ಮೊರಕ್ಕೆ ಎರಡು ಸಲ ಅರಿಶಿನ ಹಚ್ಚಿದೆ, ಹಿಂಭಾಗಕ್ಕೂ. ಒಳಗೆ ಎಲ್ಲ ತುಂಬಿ ಮುಚ್ಚುವಾಗ ಗೌರಿಯ ಮುಖ ನೋಡಿದೆ. ಅಮ್ಮ ಯಾರ ಮನೆಗೆ ಮೊದಲು ಹೋಗುತ್ತಿದ್ದಳೋ ಅಲ್ಲಿಗೇ ಹೋಗು ಅಂತ ಮನಸ್ಸಿಗೆ ಬಂತು. ಅವಳೇ ಹೇಳಿಸಿದಳು, ಇನ್ನೇನು. ಮಧ್ಯಾಹ್ನ ನಂಜನಗೂಡಿಗೆ ಹೋದೆ.

ಟೀಚರತ್ತೆಗೆ ಈಗ ಕಣ್ಣು ಮಂಜು. ಮೊರವನ್ನು ತೊಡೆ ಮೇಲೆ ಇಟ್ಟುಕೊಂಡು ಕೆಳಗಿನಿಂದ ಸವರಿದರು. ನಿನ್ನ ಅಮ್ಮ ಕಲಿಸಿದ್ದಾಳೆ ಅಂದರು. ನಾನು ಹೂವಿನಕ್ಕನಿಗೂ ಕೊಟ್ಟು, ಅಮ್ಮನವರ ಸನ್ನಿಧಿಯಲ್ಲಿ ಕೈಮುಗಿದು, ಹದಿನಾರು ಕಾಲು ಮಂಟಪದ ಕಡೆ ಇಳಿದು ಕಪಿಲೆಗೆ ಅರಿಶಿನ ಕುಂಕುಮ ಹಾಕಿದೆ. ನಮ್ಮ ಮನೆಗೆ ಇಂಥ ಗೆಳತಿಯರನ್ನು ಕೊಟ್ಟೆಯಲ್ಲ ತಾಯಿ, ನಿನ್ನ ಋಣ ತೀರುವುದಿಲ್ಲ ಅಂದುಕೊಂಡೆ.

ಬರುವ ವರ್ಷ ಅಣ್ಣನ ಮನೆಯಲ್ಲೂ ಗೌರಿ ಕೂರುತ್ತಾಳೆ. ಮೇದರಕ್ಕ ಈಗ ಹೆಣೆಯುವುದಿಲ್ಲ, ಬೆರಳು ಮಡಚಲು ಬರುವುದಿಲ್ಲ. ಸೊಸೆ ಕೆಲಸ ಹಿಡಿದಿದ್ದಾಳೆ. ಎರಡು ಮನೆಗೂ ಸೇರಿಸಿ ಮೊರ ಬೇಕು ಅಂತ ಅವಳಿಗೆ ಈಗಲೇ ಹೇಳಿ ಬಂದಿದ್ದೇನೆ. ಮುಂಗಡ ಕೊಡಲು ಹೋದರೆ, "ನಿಮ್ಮಮ್ಮ ಎಂದೂ ಕೊಟ್ಟಿಲ್ಲ, ನೀವೂ ಬೇಡಿ. ಕಾಫಿ ಮಾತ್ರ ರೆಡಿ ಇರಲಿ" ಅಂದಳು.