ಟೆಕ್ಸಾಸ್‌ನ ಮೆಶ್ ಡಿಸೈನ್ ಹ್ಯಾಂಬರ್ಗ್‌ನಲ್ಲಿ ಯಾಕೆ ನಡೆಯುವುದಿಲ್ಲ

ನಾಲ್ಕಾರು ದೇಶಗಳಲ್ಲಿ ಗೋದಾಮು ಇರುವ ಕಂಪನಿಗಳು ನೆಟ್‌ವರ್ಕ್ ಟೀಮಿಗೆ ಹೇಳುವುದು ಒಂದೇ ಮಾತು: ಎಲ್ಲ ಕಡೆ ಒಂದೇ ಡಿಸೈನ್ ಹಾಕಿಬಿಡಿ. ಸ್ವಿಚ್, ಫೈರ್‌ವಾಲ್‌ಗೆಲ್ಲ ಸರಿ. ಹೊರಗಡೆ ಹಾಕುವ ವೈಫೈ ಮೆಶ್‌ಗೆ (ಕೇಬಲ್ ಇಲ್ಲದೆ ಕಂಬದಿಂದ ಕಂಬಕ್ಕೆ ಸಿಗ್ನಲ್ ದಾಟಿಸುವ ಜಾಲ) ಮಾತ್ರ ನಾನು ಇದನ್ನು ಒಪ್ಪುವುದೇ ಇಲ್ಲ, ಯಾಕೆಂದರೆ ರೇಡಿಯೋ ನಿಯಮ ದೇಶದಿಂದ ದೇಶಕ್ಕೆ ಬೇರೆ.

ಟೆಕ್ಸಾಸ್‌ನ ಒಂದು ಟ್ರಕ್ ಯಾರ್ಡ್ ತಗೊಳ್ಳಿ. ಅಮೆರಿಕದ ರೇಡಿಯೋ ನಿಯಂತ್ರಕ ಎಫ್‌ಸಿಸಿಯ ನಿಯಮದಂತೆ 5 ಗಿಗಾಹರ್ಟ್ಸ್ ವೈಫೈನ 149ರಿಂದ 161ರ ಚಾನೆಲ್‌ಗಳಲ್ಲಿ ಆಂಟೆನಾ ಗೇನ್ (ಆಂಟೆನಾ ಸಿಗ್ನಲ್‌ಗೆ ಕೊಡುವ ಹೆಚ್ಚುವರಿ ಬಲ) ಸೇರಿಸಿ 36 ಡಿಬಿಎಂ (ಸಿಗ್ನಲ್ ಬಲದ ಅಳತೆ) ತನಕ ಹೋಗಬಹುದು, ರೇಡಾರ್‌ಗೆ ದಾರಿ ಬಿಡುವ ತಲೆನೋವೂ ಇಲ್ಲ. ಅದೇ ನಕ್ಷೆಯನ್ನು ಹ್ಯಾಂಬರ್ಗ್‌ಗೆ ಒಯ್ದರೆ ಆ ಚಾನೆಲ್‌ಗಳಲ್ಲಿ ಸಿಗುವುದು ಬರೀ 25 ಮಿಲಿವ್ಯಾಟ್, ಅಂದರೆ ಸುಮಾರು 14 ಡಿಬಿಎಂ. 36ರಿಂದ 64ರ ತನಕ ಹೊರಗಿನ ಕಂಬಕ್ಕೆ ಹಾಕುವಂತಿಲ್ಲ. ಉಳಿಯುವುದು 100ರಿಂದ 140, ಅಲ್ಲಿ 30 ಡಿಬಿಎಂ. ಆರು ಡಿಬಿ ತಾನೇ ಅನ್ನಬೇಡಿ. ಬಯಲಿನಲ್ಲಿ ಅಷ್ಟು ಕಮ್ಮಿಯಾದರೆ ದೂರ ಅರ್ಧಕ್ಕೆ ಇಳಿಯುತ್ತದೆ, 300 ಮೀಟರ್‌ಗೆ ಒಂದು ಕಂಬ ಇದ್ದ ಕಡೆ 150 ಮೀಟರ್‌ಗೊಂದು ಬೇಕಾಗುತ್ತದೆ, ಕಂಬ ಜಾಸ್ತಿಯಾದರೆ ಹಾಪ್ (ಕಂಬದಿಂದ ಕಂಬಕ್ಕೆ ಜಿಗಿತ) ಜಾಸ್ತಿ, ಒಂದೇ ರೇಡಿಯೋ ಎರಡೂ ಕಡೆ ಮಾತಾಡುವ ಮೆಶ್‌ನಲ್ಲಿ ಒಂದೊಂದು ಹಾಪ್‌ಗೂ ವೇಗ ಹತ್ತಿರಹತ್ತಿರ ಅರ್ಧ ಆಗುತ್ತಾ ಹೋಗುತ್ತದೆ. ಮಿತಿ ಆಂಟೆನಾ ಗೇನ್ ಸೇರಿಸಿಯೇ ಇರುವುದರಿಂದ, ದೊಡ್ಡ ಆಂಟೆನಾ ಹಾಕಿದರೆ ಕಳಿಸುವ ಪವರ್ ಅಷ್ಟೇ ಇಳಿಸಬೇಕು. ಆದರೂ ನಾನು ಹಾಕುತ್ತೇನೆ, ಯಾಕೆಂದರೆ ಸಿಗ್ನಲ್ ಹಿಡಿಯುವ ಕಡೆ ಅದರ ಲಾಭ ಪೂರ್ತಿ ನಮ್ಮದೇ.

ನಿಜವಾದ ಕಷ್ಟ ರೇಡಾರ್‌ನದ್ದು. ಯುರೋಪಿನ ಹವಾಮಾನ ರೇಡಾರ್‌ಗಳು 5600ರಿಂದ 5650 ಮೆಗಾಹರ್ಟ್ಸ್‌ನಲ್ಲಿ ಕೂತಿವೆ. ಬ್ಯಾಕ್‌ಹಾಲ್ (ಕಂಬಗಳ ನಡುವಿನ ಲಿಂಕ್) ಅದೇ ಜಾಗದ 120, 124 ಅಥವಾ 128ರ ಚಾನೆಲ್‌ನಲ್ಲಿದ್ದರೆ ಎಪಿ (ಕಂಬದ ಮೇಲಿನ ವೈಫೈ ಪೆಟ್ಟಿಗೆ) ಸಿಗ್ನಲ್ ಬಿಡುವ ಮೊದಲು ರೇಡಾರ್ ಇದೆಯಾ ಅಂತ 10 ನಿಮಿಷ ಸುಮ್ನೆ ಕೇಳಿಸಿಕೊಳ್ಳಬೇಕು. ಬೇರೆ ಡಿಎಫ್‌ಎಸ್ ಚಾನೆಲ್‌ಗಳಲ್ಲಿ (ರೇಡಾರ್ ಕಂಡರೆ ಬಿಟ್ಟುಕೊಡಬೇಕಾದ ಚಾನೆಲ್‌ಗಳು) 1 ನಿಮಿಷ ಸಾಕು. ರೂಟ್ ಎಪಿ (ಕೇಬಲ್‌ಗೆ ಸೇರಿದ ಮೊದಲ ಎಪಿ) ರೀಬೂಟ್ ಆಯಿತು ಅಂದರೆ ಅದರ ಹಿಂದಿನ ಸಾಲೆಲ್ಲ ಆ ಹತ್ತು ನಿಮಿಷ ಸತ್ತ ಹಾಗೆ, ಸ್ಕ್ಯಾನರ್ ಹಿಡಿದ ಫೋರ್ಕ್‌ಲಿಫ್ಟ್ ಡ್ರೈವರ್ ನಿಂತೇ ಇರಬೇಕು. ಕೆಲಸದ ಮಧ್ಯೆ ರೇಡಾರ್ ಕಂಡರೂ ಅಷ್ಟೇ: 10 ಸೆಕೆಂಡಲ್ಲಿ ಚಾನೆಲ್ ಬಿಡಬೇಕು, 30 ನಿಮಿಷ ಆ ಕಡೆ ತಲೆ ಹಾಕುವಂತಿಲ್ಲ.

ವೇಗಕ್ಕಾಗಿ 80 ಮೆಗಾಹರ್ಟ್ಸ್ ಅಗಲದ ಚಾನೆಲ್ ಬೇಕು ಅನ್ನುವವರು ಇದನ್ನು ನೋಡಿ. ಯುರೋಪಿನಲ್ಲಿ ಹೊರಗಡೆಗೆ ಹವಾಮಾನ ರೇಡಾರ್ ತಾಗದ 80ರ ಬ್ಲಾಕ್ ಒಂದೇ ಒಂದು, 100ರಿಂದ 112. 116ರಿಂದ ಶುರು ಮಾಡಿದರೆ 128 ಒಳಗೇ ಬರುತ್ತದೆ. 40ಕ್ಕೆ ಇಳಿದರೆ 100, 108, 132ರಿಂದ ಶುರುವಾಗುವ ಮೂರು ಜೋಡಿ ಸಿಗುತ್ತವೆ, ಪಕ್ಕಪಕ್ಕದ ಸಾಲುಗಳು ಒಂದಕ್ಕೊಂದು ಅಡ್ಡ ಬರುವುದಿಲ್ಲ. ನನ್ನ ಓಟು 40ಕ್ಕೇ.

ಜಪಾನಿನಲ್ಲಿ 5.8 ಗಿಗಾಹರ್ಟ್ಸ್ ಟೋಲ್ ವಸೂಲಿಯ ಇಟಿಸಿಗೆ ಹೋಗಿದೆ, ಅಲ್ಲಿ ವೈಫೈಗೆ 149 ಇಲ್ಲವೇ ಇಲ್ಲ. ನಮ್ಮಲ್ಲಿ 2018ರಲ್ಲಿ 5 ಗಿಗಾಹರ್ಟ್ಸ್‌ನ ಒಟ್ಟು 605 ಮೆಗಾಹರ್ಟ್ಸ್ ಲೈಸೆನ್ಸ್ ಇಲ್ಲದೆ ಹೊರಗಡೆ ಬಳಸಲೂ ಸಿಕ್ಕಿತು. ಅದು ನಿಜಕ್ಕೂ ದೊಡ್ಡ ವಿಷಯ, ಅಲ್ವಾ?

ಆರ್ಡರ್ ಹಾಕುವ ಮುಂಚೆ ಮಾಡೆಲ್ ನಂಬರ್‌ನ ಕೊನೆಯಲ್ಲಿ ಯಾವ ದೇಶದ ಗುರುತು ಇದೆ ನೋಡಿ. ಅಮೆರಿಕದ ಮಾಡೆಲ್ ಸಾಮಾನ್ಯವಾಗಿ ಅಲ್ಲಿಗೇ ಲಾಕ್ ಆಗಿರುತ್ತದೆ. ಟೆಕ್ಸಾಸ್‌ನಲ್ಲಿ ಉಳಿದ ಎಪಿಗಳನ್ನು ಹ್ಯಾಂಬರ್ಗ್‌ಗೆ ಪಾರ್ಸೆಲ್ ಮಾಡುವ ಲೆಕ್ಕ ಹಾಕಬೇಡಿ. ಭಾರತಕ್ಕೆ ತರಿಸುವುದಾದರೆ ಆ ಮಾಡೆಲ್‌ಗೆ ಡಬ್ಲ್ಯೂಪಿಸಿಯ (ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗ) ಇಟಿಎ, ಅಂದರೆ ಉಪಕರಣದ ಒಪ್ಪಿಗೆ, ಇದೆಯಾ ಅಂತ ಮಾರುವವರನ್ನು ಮೊದಲೇ ಕೇಳಿ.