ಅಂಗೈಯ ರಕ್ತದ ಹರಿವು ಕಡೆಗೂ ಕಂಡಿತು: ಸ್ಪೆಕಲ್ ಕ್ಯಾಮೆರಾ ಎಲ್ಲಿಗೆ ಬಂತು

ಕಂಡಿತು! ಲೇಸರ್ ಬಿದ್ದಾಗ ಚರ್ಮದ ಮೇಲೆ ಮೂಡುವ ಕಾಳುಕಾಳು ಚುಕ್ಕಿಗಳಿಂದ (ಸ್ಪೆಕಲ್) ರಕ್ತದ ಹರಿವು ತೋರಿಸುವ ಕ್ಯಾಮೆರಾ ಕಟ್ಟುತ್ತಿದ್ದೇನೆ. ತೋಳಿಗೆ ಬಿ.ಪಿ. ಪಟ್ಟಿ ಕಟ್ಟಿ ಗಾಳಿ ತುಂಬಿದೆ, ಸ್ಕ್ರೀನ್ ಮೇಲೆ ಅಂಗೈ ಪೂರ್ತಿ ನೀಲಿಯಾಯಿತು (ನೀಲಿ ಅಂದರೆ ಹರಿವು ಕಮ್ಮಿ, ಕೆಂಪು ಅಂದರೆ ಜಾಸ್ತಿ). ಗಾಳಿ ಬಿಟ್ಟ ಕೂಡಲೇ ಬೆರಳ ತುದಿಗಳು ಮೊದಲಿಗಿಂತ ಜಾಸ್ತಿ ಕೆಂಪಾದವು. ತಡೆದಿಟ್ಟ ರಕ್ತ ನುಗ್ಗುವುದನ್ನು ಹೀಗೆ ನೋಡಿದಾಗ ಆದ ಖುಷಿ ಇನ್ನೂ ಇಳಿದಿಲ್ಲ.

ಜೋಡಣೆ ಮಾಮೂಲಿನದೇ. 785 ನ್ಯಾನೋಮೀಟರ್ ಲೇಸರ್ ಡಯೋಡ್, 3.45 ಮೈಕ್ರಾನ್ ಪಿಕ್ಸೆಲ್‌ನ ಮೋನೋ ಕ್ಯಾಮೆರಾ, ಮುಂದೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಪೋಲರೈಸರ್, 5 ಮಿಲಿಸೆಕೆಂಡ್ ಎಕ್ಸ್‌ಪೋಷರ್, ಕಾಂಟ್ರಾಸ್ಟ್ (ಚುಕ್ಕಿಗಳ ಬೆಳಕು-ಕತ್ತಲಿನ ವ್ಯತ್ಯಾಸ) ಲೆಕ್ಕ ಹಾಕಲು 7×7 ಪಿಕ್ಸೆಲ್ ಕಿಟಕಿ. ಲೆನ್ಸ್ ಕಿಂಡಿ ಎಫ್/8ಕ್ಕೆ ಇಟ್ಟರೆ ಒಂದು ಚುಕ್ಕಿ ಸುಮಾರು 8 ಮೈಕ್ರಾನ್ ಬರುತ್ತದೆ, ಎರಡು ಪಿಕ್ಸೆಲ್ ದಾಟಿದರೆ ಸಾಕಲ್ವಾ. ಫೆರ್ಷರ್ ಮತ್ತು ಬ್ರಯರ್ಸ್ ಎಂಬ ಸಂಶೋಧಕರು 1981ರಲ್ಲಿ ರೆಟಿನಾದ ರಕ್ತದ ಹರಿವಿಗೆಂದು ತೋರಿಸಿದ ಉಪಾಯವೇ ಇದು: ರಕ್ತಕಣ ಓಡುವ ಕಡೆ ಚುಕ್ಕಿಗಳು ಕಲಸಿಹೋಗಿ ಕಾಂಟ್ರಾಸ್ಟ್ ಬೀಳುತ್ತದೆ.

ಕಾಟ ಕೊಟ್ಟಿದ್ದು ಮಾತ್ರ ಪರೀಕ್ಷೆಗೆಂದು ಇಟ್ಟ, ಅಲುಗಾಡದೆ ಕೂತ ಬಿಳಿ ಟೆಫ್ಲಾನ್ ತುಂಡು. ಅದರಲ್ಲಿ ಏನೂ ಹರಿಯುವುದಿಲ್ಲ, ಆದರೂ ಕಾಂಟ್ರಾಸ್ಟ್ ಒಮ್ಮೆ ನೆಟ್ಟಗಿರುತ್ತದೆ, ಒಮ್ಮೆ ದಡಕ್ಕನೆ ಕುಸಿಯುತ್ತದೆ, ಮತ್ತೆ ತಾನೇ ಮೇಲೇಳುತ್ತದೆ. ಮೇಜು ನಡುಗುತ್ತಿದೆಯೇನೋ ಅಂತ ಕೆಳಗೆ ರಬ್ಬರ್ ಹಾಕಿದೆ, ಫ್ಯಾನ್ ಆರಿಸಿದೆ. ಏನೂ ಪ್ರಯೋಜನವಿಲ್ಲ. ಆಮೇಲೆ ಟೆಫ್ಲಾನ್ ತೆಗೆದು ಮರಳು ಕಾಗದದಲ್ಲಿ ಉಜ್ಜಿದ ಅಲ್ಯೂಮಿನಿಯಂ ತಗಡು ಇಟ್ಟೆ. ಕುಸಿತ ಮಾಯ! ಸುಳಿವು ಸಿಕ್ಕಿದ್ದೇ ಇಲ್ಲಿ. ತಗಡಿನಲ್ಲಿ ಬೆಳಕು ಮೇಲ್ಮೈಯಿಂದಲೇ ವಾಪಸ್ ಬರುತ್ತದೆ. ಟೆಫ್ಲಾನ್‌ನಲ್ಲಿ, ಚರ್ಮದಲ್ಲೂ ಅಷ್ಟೇ, ಒಳಗೆ ನುಗ್ಗಿ ಎಲ್ಲೆಲ್ಲೋ ಸುತ್ತಿ ಬರುತ್ತದೆ. ದಾರಿಗಳ ಉದ್ದದಲ್ಲಿ ಅಷ್ಟು ವ್ಯತ್ಯಾಸವಿದ್ದಾಗ ತರಂಗಾಂತರ ಕೂದಲೆಳೆಯಷ್ಟು ಜಾರಿದರೂ ಚುಕ್ಕಿಗಳ ವಿನ್ಯಾಸ ಬದಲಾಗುತ್ತದೆ. ಅಂದರೆ ಡಯೋಡ್ ಬಿಸಿಯಾಗುತ್ತಾ ಒಂದು ಮೋಡ್‌ನಿಂದ (ಅದು ಹೊಮ್ಮಿಸಬಲ್ಲ ಒಂದು ನಿರ್ದಿಷ್ಟ ತರಂಗಾಂತರ) ಇನ್ನೊಂದಕ್ಕೆ ಹಾರುತ್ತಿತ್ತು. ಹಾರುವ ಗಡಿಯಲ್ಲಿ ಎರಡೂ ಒಟ್ಟಿಗೆ ಉರಿಯುತ್ತವೆ, ಎರಡು ವಿನ್ಯಾಸ ಒಂದರ ಮೇಲೊಂದು ಕೂರುತ್ತವೆ. ಅವು ಸಮ ಪ್ರಮಾಣದಲ್ಲಿದ್ದು ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ ಕಾಂಟ್ರಾಸ್ಟ್ 0.71 ಪಟ್ಟಿಗೆ ಇಳಿಯುತ್ತದೆ. ಕೈಯಲ್ಲಿ ನಾವು ಹುಡುಕುವ ಬದಲಾವಣೆಯೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ!

ಲೇಸರ್ ಮಾಡ್ಯೂಲ್ ಬಿಚ್ಚಿ ನೋಡಿದರೆ ಒಳಗೆ ಒಂದೇ ಒಂದು ರೆಸಿಸ್ಟರ್, ಕರೆಂಟನ್ನು ಸ್ಥಿರವಾಗಿ ಹಿಡಿಯುವಂಥದ್ದು ಏನೂ ಇಲ್ಲ. ಮಾರಿದವರು 'ಸ್ಥಿರ ಕರೆಂಟ್ ಡ್ರೈವರ್ ಇದೆ' ಅಂತ ಬರೆದಿದ್ದರು, ಕೇಳಿದರೆ ಉತ್ತರವೇ ಇಲ್ಲ. ಇಂಥ ಸುಳ್ಳಿಗೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ, ಕಲಿಯುವವರ ಸಮಯ ಸುಮ್ನೆ ಹಾಳು. ಈಗ ಬೇರೆ ಡ್ರೈವರ್ ಹಾಕಿ, ಡಯೋಡನ್ನು ದಪ್ಪ ಅಲ್ಯೂಮಿನಿಯಂ ಗಟ್ಟಿಗೆ ಬಿಗಿದು, ಕೆಳಗೆ ಬಿಸಿ-ತಂಪು ಮಾಡುವ ಪೆಲ್ಟಿಯರ್, ಪಕ್ಕದಲ್ಲಿ ಉಷ್ಣತೆ ಅಳೆಯುವ ಥರ್ಮಿಸ್ಟರ್ ಇಟ್ಟಿದ್ದೇನೆ. ಎರಡು ಹಾರಾಟಗಳ ನಡುವಿನ ಉಷ್ಣತೆ ಹುಡುಕಿ ಅಲ್ಲೇ ಹಿಡಿದೆ. ಟೆಫ್ಲಾನ್ ಗೆರೆ ಎಳೆದಂತೆ ನೆಟ್ಟಗೆ ನಿಂತಿತು. ಅದೇ ಸಂಜೆ ಅಂಗೈ ಇಟ್ಟೆ. ನೀವೂ ಮಾಡುವುದಾದರೆ ಲೇಸರ್ ತಡೆಯುವ ಕನ್ನಡಕ ಮರೆಯಬೇಡಿ, 785 ಕಣ್ಣಿಗೆ ಮಂಕಾಗಿ ಕಂಡರೂ ಬೀಳುವ ಶಕ್ತಿ ಕಮ್ಮಿಯಲ್ಲ.

ಇಷ್ಟೆಲ್ಲ ಚುಕ್ಕಿ ಉಳಿಸಿಕೊಳ್ಳಲು. ಮುಂದಿನದು ಪೂರ್ತಿ ಉಲ್ಟಾ: ಲೇಸರ್ ಮೈಕ್ರೋಸ್ಕೋಪ್‌ನಿಂದ ಅದೇ ಚುಕ್ಕಿಗಳನ್ನು ಓಡಿಸಬೇಕು. ಉಜ್ಜಿದ ಗಾಜಿನ ಬಿಲ್ಲೆಯನ್ನು ಬೆಳಕಿನ ದಾರಿಯಲ್ಲಿ ತಿರುಗಿಸಿದರೆ ಒಂದೇ ಎಕ್ಸ್‌ಪೋಷರ್‌ನಲ್ಲಿ ಬೇರೆ ಬೇರೆ ವಿನ್ಯಾಸಗಳು ಬೆರೆಯುತ್ತವೆ. 16 ಬೆರೆತರೆ ಕಾಂಟ್ರಾಸ್ಟ್ ಕಾಲು ಭಾಗಕ್ಕೆ, 100 ಬೆರೆತರೆ ಹತ್ತನೇ ಒಂದಕ್ಕೆ. ಬಿಲ್ಲೆಗೆ ಹಳೆಯ ಹಾರ್ಡ್‌ಡಿಸ್ಕ್ ಮೋಟರ್ ತೆಗೆದಿಟ್ಟಿದ್ದೇನೆ. ಗಾಜು ಉಜ್ಜಲು 400 ಗ್ರಿಟ್ ಸಾಕಾ, ಇನ್ನೂ ಒರಟು ಬೇಕಾ, ಮಾಡಿ ನೋಡಿದವರು ಹೇಳಿ.