ಕುರಿ ಮೇಯೋ ಗುಡ್ಡದಲ್ಲಿ ಹೂವು ಹುಡುಕ್ತಾ

ಅಕ್ಟೋಬರ್ ಮೊದಲ ವಾರ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಅಕ್ಕನ ಮನೇಲಿದ್ದೆ. ಭಾವಂಗೆ ಗೊತ್ತಿರೋರೊಬ್ರದ್ದು ಯಾಸ್ ಊರಿನಾಚೆ ಕುರಿ ಫಾರ್ಮ್ ಇದೆ, ಅಲ್ಲಿ ಕಾಡುಹೂವು ಬಿಟ್ಟಿದೆಯಂತೆ ಬರ್ತೀಯಾ ಅಂದ್ರು, ನಾನು ಕ್ಯಾಮೆರಾ ಎತ್ಕೊಂಡು ಹೊರಟೇಬಿಟ್ಟೆ. ದಾರೀಲಿ ಒಂದು ಕಡೆ ಇಡೀ ಹೊಲ ನೇರಳೆ ಬಣ್ಣ, ಕಣ್ಣು ಕೀಳಕ್ಕಾಗಲ್ಲ, ಇಲ್ಲೇ ನಿಲ್ಸಿ ಭಾವ ಅಂದೆ. "ಅದು ಪ್ಯಾಟರ್ಸನ್ಸ್ ಕರ್ಸ್ ಕಣೋ, ಯುರೋಪಿಂದ ಬಂದಿರೋ ಕಳೆ, ಕುದುರೆ ತಿಂದ್ರೆ ಲಿವರ್ರೇ ಹೋಗುತ್ತೆ" ಅಂದ್ರು.

ಗೇಟ್ ಹತ್ರಾನೇ ಯಜಮಾನರು ಬ್ರಷ್ ಕೊಟ್ಟು ಶೂ ಉಜ್ಜಿಸಿದ್ರು, ಕಳೆ ಬೀಜ ಒಳಗೆ ಬರಬಾರದು ಅಂತ. ಕೆಳಗಿನ ಪ್ಯಾಡಕ್‌ಗೆ, ಅಂದ್ರೆ ಬೇಲಿ ಹಾಕಿದ ಮೇವಿನ ಹೊಲಕ್ಕೆ, ವರ್ಷಗಟ್ಟಲೆ ಸೂಪರ್‌ಫಾಸ್ಫೇಟ್ ಗೊಬ್ಬರ ಹಾಕಿದಾರೆ, ಕ್ಲೋವರ್ ಅನ್ನೋ ಮೇವಿನ ಸೊಪ್ಪು ದಟ್ಟವಾಗಿ ಬೆಳೆದಿದೆ, ಅಲ್ಲಿನ ಮೂಲ ಹೂವು ಹುಡುಕಿದ್ರೂ ಸಿಗಲ್ಲ. ಮೇಲಿನ ಗುಡ್ಡ ಬರೀ ಕಲ್ಲು, ನೇಗಿಲು ಗೊಬ್ಬರ ಎರಡೂ ಕಂಡಿಲ್ಲ, ಹೂವಿನ ಕಾಲದಲ್ಲಿ ಬೀಜ ಉದುರೋ ತನಕ ಕುರೀನೂ ಬಿಡಲ್ಲ. ಎಲ್ಲಾ ಇರೋದು ಅಲ್ಲೇ.

ಮೊದಲರ್ಧ ಗಂಟೆ ನನಗೆ ಕಂಡಿದ್ದೆಲ್ಲ ಒಂದೇ ಥರದ ಹಳದಿ ಹೂವು. ಮೇಲಿಂದ ಫೋಟೋ ತೆಗೆದು ಗಿಡ ಗುರುತಿಸೋ ಆ್ಯಪ್‌ಗೆ ಹಾಕಿದ್ರೆ ಸೂರ್ಯಕಾಂತಿ ಕುಟುಂಬ ಅಂತ ಹೇಳಿ ಸುಮ್ಮನಾಗ್ತಿತ್ತು. ಆಗ ಯಜಮಾನರು ಮಂಡಿಯೂರಿ ಕೂತು ಎರಡು ಗಿಡ ಪಕ್ಕಪಕ್ಕ ತೋರಿಸಿದ್ರು. ಒಂದು ಕ್ಯಾಟ್ಸ್‌ಇಯರ್, ಹೊರಗಿಂದ ಬಂದಿದ್ದು: ಎಲೆ ನೆಲಕ್ಕೆ ಅಂಟ್ಕೊಂಡಂಗೆ ಹರಡಿದೆ, ಮುಟ್ಟಿದ್ರೆ ಒರಟು ಕೂದಲು, ದಂಟು ಕವಲೊಡೆದಿದೆ. ಇನ್ನೊಂದು ಯಾಮ್ ಡೈಸಿ, ಎಲೆ ನೆಟ್ಟಗೆ ನಿಂತಿದೆ, ಕವಲಿಲ್ಲದ ಒಂಟಿ ದಂಟು, ಅರಳದೇ ಇರೋ ಮೊಗ್ಗು ಕತ್ತು ಬಗ್ಗಿಸಿ ನೆಲ ನೋಡ್ತಿದೆ. ಆ ಬಗ್ಗಿದ ಕತ್ತು ಒಂದ್ಸಲ ಕಣ್ಣಿಗೆ ಬಿದ್ಮೇಲೆ ಮತ್ತೆ ತಪ್ಪಲ್ಲ, ಗುಡ್ಡದಲ್ಲಿ ಅಲ್ಲೊಂದು ಇಲ್ಲೊಂದು ಕಾಣ್ತಾ ಹೋಯ್ತು.

ಇದರ ಗೆಡ್ಡೆ ಇಲ್ಲಿನ ಮೂಲನಿವಾಸಿಗಳ ಆಹಾರ. ಪಕ್ಕದ ವಿಕ್ಟೋರಿಯಾ ರಾಜ್ಯದ ಕಡೆ ಮರ್ನಾಂಗ್ ಅಂತಾರೆ. 1830ರ ದಶಕದಲ್ಲಿ ಅಲ್ಲಿಗೆ ಕುರಿಮಂದೆ ಬಂದಾಗ ಅವು ಎಲೆ ಮಾತ್ರ ಅಲ್ಲ, ಗೆಡ್ಡೇನೂ ಕೆದಕಿ ತಿಂದ್ವು, ಕೆಲವೇ ವರ್ಷದಲ್ಲಿ ಜನರ ಊಟವೇ ಹೋಯ್ತು. ಕುರಿ ಸಾಕೋರೇ ಇದನ್ನ ಹೇಳ್ತಾ ನಿಂತಿದ್ದಾಗ ನನ್ನ ಬಾಯಿಂದ ಮಾತೇ ಬರಲಿಲ್ಲ.

ಬಲ್ಬೈನ್ ಲಿಲ್ಲಿನೂ ಹಳದೀನೇ, ಆದ್ರೆ ಆರು ಎಸಳು, ಕೇಸರದ ಮೇಲೆ ನೂಲಿನ ಕುಚ್ಚಿನ ಥರ ಕೂದಲು. ನನಗೆ ತುಂಬಾ ಇಷ್ಟ ಆಗಿದ್ದು ಮಾತ್ರ ಅರ್ಲಿ ನ್ಯಾನ್ಸಿ. ಬೆರಳುದ್ದ ಗಿಡ, ಬಿಳಿ ಎಸಳು, ಒಂದೊಂದರ ಮೇಲೂ ನೇರಳೆ ಪಟ್ಟಿ. ಗಂಡು ಹೂವು ಒಂದು ಗಿಡದಲ್ಲಿ, ಹೆಣ್ಣು ಇನ್ನೊಂದರಲ್ಲಿ. ನಮ್ಮ ಬೇಲಿ ಮೇಲೆ ಹಬ್ಬೋ ಗೌರಿ ಹೂವಿನ ಕುಟುಂಬವೇ ಇದು, ನೋಡಿದ್ರೆ ನಂಬಕ್ಕಾಗಲ್ಲ.

ಇಳಿದು ಬರ್ತಾ ಗೇಟಿನ ಪಕ್ಕ ಬೇಲಿ ಕಂಬದ ಬುಡದಲ್ಲಿ ಒಂದೇ ಒಂದು ಬಗ್ಗಿದ ಮೊಗ್ಗು ಕಾಣ್ತು. ಎಲೆ ನೋಡಿದೆ, ದಂಟು ನೋಡಿದೆ, ಆಮೇಲೆ ಯಜಮಾನರನ್ನ ಕರೆದೆ. ಕೂತು ನೋಡಿ ಹೌದು ಅಂತ ತಲೆ ಆಡಿಸಿದ್ರು, ಎದ್ದು ಹೋಗಿ ಎರಡು ಕಲ್ಲು ತಂದು ಗಾಡಿ ಚಕ್ರ ಹತ್ತದ ಹಾಗೆ ಗಿಡದ ಪಕ್ಕ ಇಟ್ರು.